ಊರಿನ ಚರಿತ್ರೆ ಹುಡುಕುವವರಿಗೆ ಮಂಡ್ಯದ ಒಂದು ಕಾಲೇಜು ಲೈಬ್ರರಿ

ನಿಮ್ಮೂರು ಮಂಡ್ಯ ಜಿಲ್ಲೆಯಲ್ಲಿದ್ದು, ಅದರ ಚರಿತ್ರೆ ಬರೆಯಬೇಕು ಅಂತ ಮನಸ್ಸಿದ್ದರೆ ಸೀದಾ ಬೆಂಗಳೂರಿಗೆ ಹೋಗಬೇಡಿ. ಮೈಸೂರಿಗೂ ಆಮೇಲೆ ಹೋದರಾಯ್ತು. ಮೊದಲು ಮಂಡ್ಯದ ಹಳೇ ಕಾಲೇಜುಗಳಲ್ಲಿ ಯಾವುದಾದರೂ ಒಂದರ ಲೈಬ್ರರಿಗೆ ಹೋಗಿ. ಮುಂದಿನ ಸಾಲಿನ ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ದಾಟಿ, ಒಳಗಿನ ಬೀರುವಿನ ತನಕ ಹೋಗಿ. ನನಗೆ ಬೇಕಾಗಿದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ಅಂಥ ಒಂದು ಬೀರುವಿನಲ್ಲೇ.

ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿಗೆ ಇತಿಹಾಸದ ಆಧಾರಗಳ ಪಾಠ ಮಾಡುವಾಗ ಶಾಸನ, ತಾಮ್ರಪಟ, ನಾಣ್ಯ ಎಲ್ಲ ಬರುತ್ತದೆ. ಮಕ್ಕಳು ಕೇಳುವ ಪ್ರಶ್ನೆ ಒಂದೇ. "ಮಿಸ್, ನಮ್ಮೂರಲ್ಲಿ ಇಲ್ವಾ?" ಕೆರೆ ಏರಿಯ ಹತ್ತಿರ ಒಂದು ವೀರಗಲ್ಲಿದೆ, ಈಶ್ವರನ ಗುಡಿ ಹಿಂದೆ ಅಕ್ಷರ ಇರುವ ಒಂದು ಕಲ್ಲಿದೆ. ಜನ ಅದಕ್ಕೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತಾರೆ. ಅದರಲ್ಲಿ ಏನು ಬರೆದಿದೆ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರಿನ ಕೆರೆ, ಕಲ್ಲು, ಗುಡಿ ಬಗ್ಗೆ ಮಕ್ಕಳ ಕೈಗೆ ಒಂದು ಸಣ್ಣ ಪುಸ್ತಕ ಕೊಡಬೇಕು ಅಂತ ಹೊರಟವಳು ನಾನು.

ಕಾಲೇಜಿನ ಹೆಸರು ಹಾಕುತ್ತಿಲ್ಲ. ಮುಂದೆ ಕೆಲವು ದೂರುಗಳನ್ನೂ ಬರೆಯುವುದಿದೆ. ಅದು ಅಲ್ಲಿ ಕೆಲಸ ಮಾಡುವ ನಾಲ್ಕು ಜನರ ತಲೆ ಮೇಲೆ ಬೀಳುವುದು ನನಗೆ ಬೇಡ. ಅವರು ನನಗೆ ಒಳ್ಳೆಯದನ್ನೇ ಮಾಡಿದ್ದಾರೆ.

ಒಳಗೆ ಹೋಗುವುದು ಹೇಗೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಹೊರಗಿನವರಿಗೆ ಪ್ರಿನ್ಸಿಪಾಲರ ಅನುಮತಿ ಬೇಕು. ಒಂದು ಬಿಳಿ ಹಾಳೆಯಲ್ಲಿ ಹೆಸರು, ವಿಳಾಸ, ಯಾವ ವಿಷಯ, ಯಾವ ಪುಸ್ತಕ ಅಂತ ಬರೆದು, ಆಧಾರ್ ಜೆರಾಕ್ಸ್ ಲಗತ್ತಿಸಿ ಕೊಡಬೇಕು. "ಇತಿಹಾಸ ಓದಬೇಕು" ಅಂತ ಸುಮ್ನೆ ಬರೆದರೆ ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ. "ಮದ್ದೂರು ತಾಲ್ಲೂಕಿನ ಶಾಸನಗಳಿಗಾಗಿ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟ ನೋಡಬೇಕು" ಅಂತ ಬರೆದರೆ ಅವತ್ತೇ ಸಹಿ ಬೀಳುತ್ತದೆ. (ಎಪಿಗ್ರಾಫಿಯಾ ಅಂದರೆ ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಹಾಕಿರುವ ಸಂಪುಟಗಳು.) ಕೇಳುವವರಿಗೆ ಏನು ಬೇಕು ಅನ್ನುವುದು ಗೊತ್ತಿದೆ ಅಂತ ಕಂಡರೆ ಸಾಕು, ಎಲ್ಲರೂ ಸಹಾಯಕ್ಕೆ ಬರುತ್ತಾರೆ. ಪುಸ್ತಕ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಅದು ಸರಿಯಾದ ನಿಯಮ ಅಂತಲೇ ನನ್ನ ಅಭಿಪ್ರಾಯ.

ಲೈಬ್ರೇರಿಯನ್ ಮೇಡಂ ಕಂಪ್ಯೂಟರಿನಲ್ಲಿ ಹುಡುಕಿದಾಗ ಏನೂ ಬರಲಿಲ್ಲ. ಕಂಪ್ಯೂಟರಿಗೆ ಏರಿಸಿರುವುದು ಈಚಿನ ವರ್ಷಗಳ ಪಠ್ಯಪುಸ್ತಕಗಳನ್ನು ಮಾತ್ರ. ಆಗ ಅಲ್ಲೇ ಪುಸ್ತಕ ಜೋಡಿಸುತ್ತಿದ್ದ ಅಟೆಂಡರ್ ಅಣ್ಣ ತಿರುಗಿ ನೋಡಿ, "ಶಾಸನದ ಬುಕ್ಕಾ ಮೇಡಂ? ಕೆಂಪು ರಟ್ಟಿನವು? ಒಳಗಡೆ ಬೀರುನಲ್ಲವೆ, ಬನ್ನಿ. ಕೀ ಮೇಡಂ ತಾವ ಅದೆ" ಅಂದರು. ಆ ಲೈಬ್ರರಿಯ ನಿಜವಾದ ಕ್ಯಾಟಲಾಗ್ ಅವರೇ. ಯಾವ ಪುಸ್ತಕ ಯಾವ ಅರೆಯಲ್ಲಿದೆ, ಯಾವುದರ ಬೈಂಡಿಂಗ್ ಬಿಟ್ಟಿದೆ, ಯಾವುದನ್ನು ಯಾವ ಮೇಷ್ಟ್ರು ತೆಗೆದುಕೊಂಡು ಹೋಗಿ ವಾಪಸ್ ಕೊಟ್ಟಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಹಳೇ ಪುಸ್ತಕಗಳ ಅಕ್ಸೆಶನ್ ರಿಜಿಸ್ಟರು, ಅಂದರೆ ಲೈಬ್ರರಿಗೆ ಬಂದ ಪುಸ್ತಕಗಳನ್ನು ಬರೆದಿಡುವ ಪಟ್ಟಿ, ದಪ್ಪ ದಪ್ಪ ನೋಟ್‌ಬುಕ್ಕುಗಳಲ್ಲಿದೆ. ಕಂಪ್ಯೂಟರ್ ಬಿಟ್ಟು ಅದನ್ನು ಕೇಳಿ. ಇತಿಹಾಸದ ಅರೆಯಲ್ಲಿ 954.87 ಅನ್ನುವ ನಂಬರಿನ ಚೀಟಿ ಇರುವ ಪುಸ್ತಕಗಳೆಲ್ಲ ಕರ್ನಾಟಕದವು. ಅಲ್ಲಿಂದ ಶುರು ಮಾಡಿದರೆ ದಾರಿ ತಪ್ಪುವುದಿಲ್ಲ.

ಬೀರು ತೆರೆದಾಗ ಕಂಡಿದ್ದು ಹೇಳುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು. ಮಂಡ್ಯ ಜಿಲ್ಲೆಯವರಿಗೆ ಬೇಕಾದವು ಎರಡು. 1977ರ 6ನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ. 1979ರ 7ನೇ ಸಂಪುಟದಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ. ಅವುಗಳ ಪಕ್ಕದಲ್ಲಿ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು ಕೆಲವು. ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ ಅವರಂಥ ದೊಡ್ಡವರು ಇಲಾಖೆ ನಡೆಸಿದ ಕಾಲದವು. ಎಲ್ಲ ವರ್ಷದ್ದೂ ಇಲ್ಲ, ನಡುನಡುವೆ ಬಿಟ್ಟುಹೋಗಿವೆ. ಕೆಳಗಿನ ಅರೆಯಲ್ಲಿ ಗೆಜೆಟಿಯರುಗಳು, ಅಂದರೆ ಜಿಲ್ಲೆ, ರಾಜ್ಯಗಳ ವಿವರ ಇರುವ ಸರ್ಕಾರಿ ಪುಸ್ತಕಗಳು.

ಈಗ ಒಂದು ಪುಟವನ್ನು ಹತ್ತಿರದಿಂದ ತೋರಿಸುತ್ತೇನೆ. ಈ ಲೈಬ್ರರಿಗೆ ನಾನು ಯಾಕೆ ಇಷ್ಟು ಮರ್ಯಾದೆ ಕೊಡುತ್ತೇನೆ ಅಂತ ಆಗ ಗೊತ್ತಾಗುತ್ತದೆ.

7ನೇ ಸಂಪುಟದ ಮದ್ದೂರು ತಾಲ್ಲೂಕಿನ ಭಾಗದಲ್ಲಿ ಆತಕೂರಿನ ಶಾಸನ ಇದೆ. ನಮ್ಮ ಆತಗೂರು ಹೋಬಳಿಯ ಆತಗೂರೇ ಅದು. ಕಲ್ಲು ಈಗ ಊರಲ್ಲಿಲ್ಲ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ಗಂಗರ ಬೂತುಗ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ನಿಂತು ಚೋಳ ರಾಜಾದಿತ್ಯನನ್ನು ಕೊಂದ ಸುದ್ದಿ ಅದರಲ್ಲಿದೆ. ಇದನ್ನು ಎಲ್ಲ ಇತಿಹಾಸದ ಪುಸ್ತಕಗಳೂ ಹೇಳುತ್ತವೆ. ಆದರೆ ಅದೇ ಕಲ್ಲಿನಲ್ಲಿ ಇನ್ನೊಂದು ಕಥೆ ಇದೆ. ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನುವ ವೀರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿತು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಕಾದುವ ಚಿತ್ರವನ್ನೇ ಕೆತ್ತಿದ್ದಾರೆ. ಕಲ್ಲಿಗೆ ಪೂಜೆ ನಡೆಯಲಿ ಅಂತ ದೊಡ್ಡ ಕೆರೆಯ ಕೆಳಗೆ ಭೂಮಿ ಬಿಟ್ಟರು.

ದೊಡ್ಡ ಕೆರೆಯ ಕೆಳಗೆ! ನಾನು ಹುಡುಕುತ್ತಿದ್ದದ್ದು ಕೆರೆಗಳನ್ನು. ಸಾವಿರ ವರ್ಷಕ್ಕೂ ಹಿಂದೆ ನಮ್ಮ ಹೋಬಳಿಯಲ್ಲಿ ದೊಡ್ಡ ಕೆರೆ ಇತ್ತು, ಅದರ ಕೆಳಗೆ ಸಾಗುವಳಿ ಇತ್ತು, ಆ ಜಮೀನನ್ನು ಕೊಡುವ, ಅಳೆಯುವ ಪದ್ಧತಿ ಇತ್ತು. ಕನ್ನಂಬಾಡಿ ಕಟ್ಟೆ, ನಾಲೆ ಬಂದ ಮೇಲೇ ಮಂಡ್ಯ ಹಸಿರಾಯ್ತು ಅಂತ ನಾವು ಹೇಳಿಕೊಂಡು ಬಂದಿದ್ದೇವೆ. ಅದು ಅರ್ಧ ಮಾತ್ರ ನಿಜ. ನಾಲೆಗಿಂತ ಮುಂಚೆ ಕೆರೆ ಕಟ್ಟಿ ಬದುಕಿದ ಜನರ ಲೆಕ್ಕ ಇಲ್ಲಿದೆ, ಅಕ್ಷರದಲ್ಲಿದೆ. ಈ ಪುಟವನ್ನು ಕ್ಲಾಸಿನಲ್ಲಿ ಓದಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಮಿಸ್, ಆತಗೂರು ನಮ್ ಅಜ್ಜಿ ಊರು" ಅಂದ. ಆಮೇಲೆ ಆ ಪೀರಿಯಡ್ ಪೂರ್ತಿ ನಾಯಿಯದೇ ಮಾತು.

ಸಂಪುಟ ಬಳಸುವುದು ಕಷ್ಟವಲ್ಲ. ತಾಲ್ಲೂಕು, ಅದರೊಳಗೆ ಊರು, ಊರೊಳಗೆ ಕಲ್ಲು ಇರುವ ಜಾಗ, ಹೀಗೆ ಜೋಡಿಸಿದ್ದಾರೆ. "ಈಶ್ವರ ದೇವಸ್ಥಾನದ ಹಿಂದೆ ನೆಟ್ಟ ಕಲ್ಲು" ಅಂತ ಬರೆದಿರುತ್ತದೆ. ಪಾಠ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಇದೆ, ಇಂಗ್ಲಿಷ್ ಅನುವಾದ ಬೇರೆ ಇದೆ. ಹಳಗನ್ನಡ ತಿಳಿಯದಿದ್ದರೆ ಅನುವಾದ ಓದಿ, ಆಮೇಲೆ ಮೂಲಕ್ಕೆ ಬನ್ನಿ. ನಮ್ಮ ಗುಡಿ ಹಿಂದಿನ ಕಲ್ಲೂ ಹೀಗೇ ಸಿಕ್ಕಿತು. ಅದೊಂದು ದಾನದ ಶಾಸನ. ಅಲ್ಲಲ್ಲಿ ಅಕ್ಷರ ಸವೆದಿದೆ ಅಂತ ಚುಕ್ಕಿ ಹಾಕಿದ್ದಾರೆ. ಕಲ್ಲಿನ ಮುಂದೆ ಪುಟದ ಫೋಟೋ ಹಿಡಿದು ನಿಂತು ಒಂದೊಂದೇ ಸಾಲು ಹೋಲಿಸಿದಾಗ, ಆಗ ಓದಲು ಸಿಕ್ಕ ಕೆಲವು ಅಕ್ಷರಗಳು ಈಗ ಎಣ್ಣೆ, ಸುಣ್ಣದ ಕೆಳಗೆ ಮುಚ್ಚಿಹೋಗಿರುವುದು ಕಂಡಿತು. ಪುಸ್ತಕದಲ್ಲಿ ಉಳಿದಿದೆ, ಕಲ್ಲಿನಲ್ಲಿ ಇಲ್ಲ. ಇಂಥ ಪುಸ್ತಕವನ್ನು ಕಾಪಾಡುವ ಕೆಲಸ ಕಲ್ಲು ಕಾಪಾಡುವ ಕೆಲಸಕ್ಕಿಂತ ಕಡಿಮೆ ಏನಲ್ಲ.

ಹೊಸಬರಿಗೆ ತೊಡಕಾಗುವ ಒಂದು ವಿಷಯ ಇದೆ, ತಾಲ್ಲೂಕುಗಳದ್ದು. ಮಂಡ್ಯ ಜಿಲ್ಲೆ ಆದದ್ದು 1939ರ ಜುಲೈ 1ರಂದು. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ನಮ್ಮ ಊರುಗಳೆಲ್ಲ ಮೈಸೂರು ಜಿಲ್ಲೆಯ ಕೆಳಗೆ ಇವೆ. ಬಿ.ಎಲ್. ರೈಸ್ ಅವರು ಹೊರತಂದ ಹಳೇ ಎಪಿಗ್ರಾಫಿಯಾದಲ್ಲಿ ಮಂಡ್ಯ, ಶ್ರೀರಂಗಪಟ್ಟಣ, ಮಳವಳ್ಳಿ ಬರುವುದು 1894ರ 3ನೇ ಸಂಪುಟದಲ್ಲಿ. ನಾಗಮಂಗಲ, ಕೃಷ್ಣರಾಜಪೇಟೆ 1898ರ 4ನೇ ಸಂಪುಟದಲ್ಲಿ. ಈಗ ಮದ್ದೂರು ತಾಲ್ಲೂಕಿನ ಕೆಳಗೆ ಬರುವ ಆತಕೂರಿನ ಶಾಸನ ಆ 3ನೇ ಸಂಪುಟದಲ್ಲಿ ಮಂಡ್ಯ ತಾಲ್ಲೂಕಿನ 41ನೇ ನಂಬರು. ಮೇಲುಕೋಟೆ, ತೊಣ್ಣೂರು ಬೇಕಿದ್ದರೆ ಶ್ರೀರಂಗಪಟ್ಟಣದ ಕೆಳಗೆ ನೋಡಬೇಕು, ಪಾಂಡವಪುರ ಅಂತ ಹುಡುಕಿದರೆ ಸಿಗುವುದಿಲ್ಲ. ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ಪಾಂಡವಪುರ ಫ್ರೆಂಚ್ ರಾಕ್ಸ್ ಆಗಿರುತ್ತದೆ, ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ. ಕೆ.ಆರ್. ಪೇಟೆಯವರು ಅತ್ತಿಗುಪ್ಪೆ ಅಂತ ಹುಡುಕಬೇಕು. ಈ ಹಳೇ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಲೈಬ್ರರಿಯ ಬೀರುವಿನ ಬಾಗಿಲಿಗೆ ಅಂಟಿಸಿದ್ದರೆ ಎಷ್ಟೋ ಜನರ ಸಮಯ ಉಳಿಯುತ್ತಿತ್ತು. ನಾನು ಒಂದು ಬರೆದುಕೊಟ್ಟಿದ್ದೇನೆ. ಅಂಟಿಸಿದ್ದಾರೋ ಇಲ್ಲವೋ ಮುಂದಿನ ಸಲ ನೋಡಬೇಕು.

ಗೆಜೆಟಿಯರುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಇತಿಹಾಸ ಓದಿದವರಿಗೆಲ್ಲ ಗೊತ್ತಿರುತ್ತದೆ. ರೈಸ್ ಅವರದು ಇದೆ, ಸಿ. ಹಯವದನರಾವ್ ಅವರದು ಬಿಡಿ ಸಂಪುಟಗಳಾಗಿ ಇದೆ. 1967ರ ಮಂಡ್ಯ ಜಿಲ್ಲಾ ಗೆಜೆಟಿಯರ್ ಇದೆ, ಅದನ್ನು ತಪ್ಪದೆ ನೋಡಿ. ವಿಶ್ವೇಶ್ವರಯ್ಯ ನಾಲೆ, ಹಳಬರು ಈಗಲೂ ಹೇಳುವ ಇರ್ವಿನ್ ನಾಲೆ, ಅದರ ಜೊತೆ ಬಂದ ಕಬ್ಬು, 1933ರಲ್ಲಿ ಶುರುವಾದ ಮೈಶುಗರ್, ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಡೆದ ಧ್ವಜ ಸತ್ಯಾಗ್ರಹ, ಇದಕ್ಕೆಲ್ಲ ಅದೇ ಮೊದಲ ಮೆಟ್ಟಿಲು. 1961ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಪ್ರತಿ ಊರಿನ ವಿಸ್ತೀರ್ಣ, ಮನೆಗಳು, ಜನಸಂಖ್ಯೆ ಸಿಗುತ್ತದೆ. ಬೇಚರಾಕ್, ಅಂದರೆ ಜನ ವಾಸ ಇಲ್ಲದ ಊರುಗಳ ಹೆಸರೂ ಅಲ್ಲಿ ಕಾಣುತ್ತದೆ. ಊರು ಹೋಗಿ ಹೊಲ ಆದಮೇಲೂ ಹೆಸರು ದಾಖಲೆಯಲ್ಲಿ ಉಳಿದಿರುತ್ತದೆ.

ಯಾರೂ ಹೇಳದ, ನಾನು ಹೇಳಲೇಬೇಕಾದ ಇನ್ನೊಂದು ಜಾಗ ಇದೆ. ಕಿಟಕಿ ಪಕ್ಕದ ಮೂಲೆಯಲ್ಲಿ ಹಗ್ಗ ಕಟ್ಟಿ ಇಟ್ಟಿರುವ ಹಳೇ ಕಾಲೇಜು ವಾರ್ಷಿಕ ಸಂಚಿಕೆಗಳು ಮತ್ತು ಎನ್ನೆಸ್ಸೆಸ್ ಶಿಬಿರದ ವರದಿಗಳು. ಧೂಳು ಕೊಡವಿಕೊಂಡು ಬಿಚ್ಚಬೇಕು. ಸಂಚಿಕೆಗಳಲ್ಲಿ ಹುಡುಗರು ತಮ್ಮೂರಿನ ಹಬ್ಬ, ಜಾತ್ರೆ, ಗಾದೆ, ಸೋಬಾನೆ ಪದ ಬರೆದಿದ್ದಾರೆ. ಎನ್ನೆಸ್ಸೆಸ್ ವರದಿಗಳಲ್ಲಿ ಶಿಬಿರ ನಡೆದ ಹಳ್ಳಿಯ ಸಮೀಕ್ಷೆ ಇರುತ್ತದೆ. ಎಷ್ಟು ಬಾವಿ, ಎಷ್ಟು ಏತ, ಎಷ್ಟು ಆಲೆಮನೆ, ಯಾವ ಕೆರೆಯ ತೂಬು ಒಡೆದಿದೆ, ಯಾರ ಮನೆಯಲ್ಲಿ ಮಗ್ಗ ಇದೆ, ಎಲ್ಲ ಇಪ್ಪತ್ತು ವರ್ಷದ ಹುಡುಗರ ಕೈಬರಹದಲ್ಲಿ. ಬರೆಯುವಾಗ ಅವರಿಗೆ ಅದು ಮುಗಿಸಿಕೊಡಬೇಕಾದ ಕೆಲಸ ಅಷ್ಟೇ ಆಗಿತ್ತೇನೋ. ಇವತ್ತು ಆ ಏತ, ಆಲೆಮನೆ, ಮಗ್ಗ ಯಾವುದೂ ಇಲ್ಲ. ಇಂಥ ವಿವರ ಯಾವ ಗೆಜೆಟಿಯರಿನಲ್ಲೂ ಸಿಗುವುದಿಲ್ಲ. ನಮ್ಮೂರಿನ ಪಕ್ಕದ ಹಳ್ಳಿಯ ಒಂದು ವರದಿ ಸಿಕ್ಕಿತು. ಅದರಲ್ಲಿ ಕೈಯಲ್ಲಿ ಬರೆದ ನಕ್ಷೆ ಇದೆ, ಕೆರೆಯಿಂದ ಹೊರಡುವ ಕಾಲುವೆಗಳನ್ನು ನೀಲಿ ಇಂಕಿನಲ್ಲಿ ಎಳೆದಿದ್ದಾರೆ. ಈಗ ಆ ಕಾಲುವೆಗಳ ಜಾಗದಲ್ಲಿ ಒತ್ತುವರಿ ಆಗಿದೆ. ಆ ನಕ್ಷೆ ಬರೆದ ಹುಡುಗ ಯಾರೋ, ಎಲ್ಲಿದ್ದಾನೋ, ಅವನಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಇನ್ನು ದೂರುಗಳು. ಬೀರುವಿನ ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರುತ್ತದೆ. ಅವರು ಮೀಟಿಂಗ್, ಪರೀಕ್ಷಾ ಕೆಲಸ ಅಂತ ಹೋದರೆ ಅವತ್ತಿನ ದಿನ ಹಾಳು. ಮದ್ದೂರಿನಿಂದ ಬಸ್ಸಿನಲ್ಲಿ ಬಂದವರಿಗೆ ಇದು ಸಣ್ಣ ವಿಷಯ ಅಲ್ಲ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಂಡೇ ಬನ್ನಿ. ಕೂರುವ ಜಾಗ ಬೆಳಿಗ್ಗೆ ಹತ್ತೂವರೆ ಒಳಗೆ ತುಂಬಿಹೋಗುತ್ತದೆ. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಮನೆಯಿಂದ ಬಾಟಲಿ, ಬುತ್ತಿ ತಂದು ಸಂಜೆ ತನಕ ಕೂರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಬೇರೆ ಜಾಗ ಇಲ್ಲ ಅಲ್ವಾ. ಆದರೆ ದೊಡ್ಡ ಸಂಪುಟ ಬಿಚ್ಚಿ ಇಟ್ಟುಕೊಳ್ಳಲು ಒಂದು ಅಗಲವಾದ ಮೇಜು ಬೇರೆ ಬೇಕು. ಹೆಂಗಸರ ಶೌಚಾಲಯ ಇನ್ನೊಂದು ಬ್ಲಾಕಿನಲ್ಲಿದೆ, ಅದಕ್ಕೂ ಬೀಗ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಪುಸ್ತಕಗಳ ಸ್ಥಿತಿ. 7ನೇ ಸಂಪುಟದ ರಟ್ಟು ಕಿತ್ತು ಕೈಗೆ ಬರುತ್ತದೆ. ಪುರಾತತ್ವ ವರದಿಗಳ ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ. ಒಂದು ವರದಿಯ ಚಿತ್ರಪಟಗಳನ್ನು ಯಾರೋ ಬ್ಲೇಡಿನಲ್ಲಿ ಕತ್ತರಿಸಿಕೊಂಡು ಹೋಗಿದ್ದಾರೆ. ಮಳೆಗಾಲದಲ್ಲಿ ಬೀರುವಿನ ಹಿಂದಿನ ಗೋಡೆ ಒದ್ದೆಯಾಗುತ್ತದೆ. ಇದಕ್ಕಿಂತ ನನಗೆ ದೊಡ್ಡ ಹೆದರಿಕೆ ರದ್ದಿಯದು. ಜಾಗ ಸಾಲದು ಅಂತ, ಯಾರೂ ಓದುವುದಿಲ್ಲ ಅಂತ ಹಳೇ ಪುಸ್ತಕಗಳ ಪಟ್ಟಿ ಮಾಡುವ ಮಾತು ಅಲ್ಲಿ ಆಗಾಗ ಬರುತ್ತಿರುತ್ತದಂತೆ. ಸಂಪುಟಗಳಿಗೆ ಏನೂ ಆಗಲಿಕ್ಕಿಲ್ಲ, ಅವುಗಳ ಬೆಲೆ ಎಲ್ಲರಿಗೂ ಗೊತ್ತಿದೆ. ಹೋಗುವುದು ಆ ಮೂಲೆಯ ಎನ್ನೆಸ್ಸೆಸ್ ವರದಿಗಳು. ಅವಕ್ಕೆ ಬೇರೆಲ್ಲೂ ಇನ್ನೊಂದು ಪ್ರತಿ ಇರಲಿಕ್ಕಿಲ್ಲ. ಒಂದು ಸಲ ತೂಕಕ್ಕೆ ಹೋದರೆ ಆ ಹಳ್ಳಿಗಳ ಒಂದು ಕಾಲವೇ ಹೋದಂತೆ. ಸ್ಕ್ಯಾನ್ ಮಾಡಿಸಲು ದೊಡ್ಡ ಖರ್ಚಿಲ್ಲ. ಇತಿಹಾಸ ವಿಭಾಗದ ಹುಡುಗರಿಗೆ ಪ್ರಾಜೆಕ್ಟ್ ಅಂತ ಕೊಟ್ಟರೂ ಮೊಬೈಲಿನಲ್ಲೇ ಮುಗಿಯುವ ಕೆಲಸ. ಹಳೇ ವಿದ್ಯಾರ್ಥಿಗಳ ಸಂಘಗಳು ಸ್ವಾಗತ ಕಮಾನಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಇದಕ್ಕೆ ಕೊಡಲಿ ಅಂತ ಕೇಳಿಕೊಳ್ಳುತ್ತೇನೆ.

ಎಲ್ಲ ಆನ್‌ಲೈನ್ ಸಿಗುತ್ತಲ್ಲ, ಯಾಕೆ ಅಷ್ಟು ದೂರ ಹೋಗಬೇಕು ಅಂತ ಕೆಲವರು ಕೇಳುತ್ತಾರೆ. ಸಿಗುವುದು ಸಿಗುತ್ತದೆ. ರೈಸ್ ಅವರ ಹಳೇ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಇವೆ. ಪಿಎಚ್‌ಡಿ ಪ್ರಬಂಧಗಳನ್ನು ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು, ಅದನ್ನು ನಾನು ರಾತ್ರಿ ಮನೆಯಲ್ಲೇ ನೋಡುತ್ತೇನೆ. ಕಾಲೇಜಿನವರಿಗೆ ಎನ್-ಲಿಸ್ಟ್ ಅನ್ನುವ ಆನ್‌ಲೈನ್ ಸೇವೆಯ ಮೂಲಕ ಸಂಶೋಧನಾ ಪತ್ರಿಕೆ, ಇ-ಪುಸ್ತಕ ಸಿಗುತ್ತದೆ, ಆದರೆ ಅದರ ಪಾಸ್‌ವರ್ಡ್ ಅಲ್ಲಿನ ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ ಮಾತ್ರ. ಫೋನಿನಲ್ಲಿ ಸ್ಕ್ಯಾನ್ ಪ್ರತಿ ಓದುವುದಕ್ಕೂ, ಹಳೇ ಸಂಪುಟ, ಹೊಸ ಸಂಪುಟ, ವರದಿ ಮೂರನ್ನೂ ಪಕ್ಕಪಕ್ಕ ಬಿಚ್ಚಿಟ್ಟು ಒಂದೇ ಶಾಸನ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಒಂದು ಸಾಲನ್ನು ಒಬ್ಬರು ಹೇಗೆ ಓದಿದರು, ಇನ್ನೊಬ್ಬರು ಎಲ್ಲಿ ತಿದ್ದಿದರು ಅನ್ನುವುದು ಮೇಜಿನ ಮೇಲೆ ಹಾಗೇ ಕಾಣುತ್ತದೆ. ಮಂಡ್ಯದಲ್ಲಿ ಸಿಗದ್ದಕ್ಕೆ ಮೈಸೂರು ಇದ್ದೇ ಇದೆ. ಮಾನಸಗಂಗೋತ್ರಿಯ ದೊಡ್ಡ ಲೈಬ್ರರಿ, ಓಲೆಗರಿಗಳಿಗೆ ಪ್ರಾಚ್ಯವಿದ್ಯಾ ಸಂಶೋಧನಾಲಯ, ಸರ್ಕಾರಿ ಕಡತಗಳಿಗೆ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ. ಆದರೆ ಅಲ್ಲಿಗೆ ಹೋಗುವಾಗ ಯಾವ ಊರು, ಯಾವ ನಂಬರು, ಯಾವ ವರ್ಷ ಅಂತ ಕೈಯಲ್ಲಿ ಚೀಟಿ ಇರಬೇಕು. ಆ ಚೀಟಿ ತಯಾರಾಗುವುದು ಇಲ್ಲಿ.

ಐದಕ್ಕೆ ಎಷ್ಟು ಅಂತ ಕೇಳಿದರೆ, ಸಂಗ್ರಹಕ್ಕೆ ನಾಲ್ಕೂವರೆ, ಜನರಿಗೆ ಐದಕ್ಕೆ ಐದು, ಕಾಪಾಡಿಕೊಂಡಿರುವುದಕ್ಕೆ ಎರಡು.

ಹೋಗುವವರಿಗೆ ಎರಡು ಮಾತು. ಪರೀಕ್ಷೆ ನಡೆಯುವ ತಿಂಗಳುಗಳಲ್ಲಿ ಹೋಗಬೇಡಿ, ಹಾಲ್ ಪೂರ್ತಿ ಪರೀಕ್ಷೆಯ ಕೆಲಸಕ್ಕೇ ಹೋಗಿರುತ್ತದೆ. ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿರಿ. ಹಳೇ ಸಂಪುಟಗಳನ್ನು ಜೆರಾಕ್ಸ್ ಮೆಷಿನ್ ಮೇಲೆ ಒತ್ತಿಸಬೇಡಿ, ಬೆನ್ನು ಮುರಿಯುತ್ತದೆ. ಕೇಳಿಕೊಂಡು, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪ್ರತಿ ಪುಟದ ಜೊತೆ ಪುಸ್ತಕದ ಮೊದಲ ಪುಟದ್ದೂ ಒಂದು ತೆಗೆಯಿರಿ, ಇಲ್ಲದಿದ್ದರೆ ಮನೆಗೆ ಬಂದಮೇಲೆ ಯಾವುದು ಯಾವ ಸಂಪುಟದ್ದು ಅಂತ ಗೊತ್ತಾಗುವುದಿಲ್ಲ. ನಿಮ್ಮ ಪುಸ್ತಕವೋ ಲೇಖನವೋ ಅಚ್ಚಾದ ಮೇಲೆ ಒಂದು ಪ್ರತಿಯನ್ನು ಆ ಲೈಬ್ರರಿಗೆ ತಪ್ಪದೆ ಕೊಡಿ, ಅಕ್ಸೆಶನ್ ರಿಜಿಸ್ಟರಿನಲ್ಲಿ ಬರೆಸಿಯೇ ಬನ್ನಿ.